ಹಳೆಯ ಗಾಜಿನ ಮನೆಯನ್ನು ನೋಡುವ ಕ್ರಮ: ಚಾಟ್ಸ್‌ವರ್ತ್ ಎಸ್ಟೇಟಿನ ತೋಟಕ್ಕೊಂದು ಮಾರ್ಗದರ್ಶಿ

ಇಂಗ್ಲೆಂಡಿನ ಹಳೆಯ ಎಸ್ಟೇಟುಗಳಿಗೆ ಹೋದವರು ಅರಮನೆಯಂಥ ಬಂಗಲೆಯಲ್ಲಿ ಎರಡು ಗಂಟೆ ಸುತ್ತಾಡಿ, ತೋಟದ ಗಾಜಿನ ಮನೆಯ ಮುಂದೆ ನಿಂತು ಒಂದೆರಡು ಫೋಟೊ ತೆಗೆಸಿಕೊಂಡು, ಚಹಾ ಅಂಗಡಿಯತ್ತ ಹೊರಟುಬಿಡುವುದು ವಾಡಿಕೆ. ಬಂಗಲೆಯ ಒಳಗಿನ ಚಿತ್ರಪಟ, ಪೀಠೋಪಕರಣಗಳಿಗೆಲ್ಲ ವಿವರಣೆಯ ಫಲಕಗಳಿರುತ್ತವೆ. ಗಾಜಿನ ಮನೆಯಲ್ಲಿ ಗಿಡಗಳ ಹೆಸರು ಬರೆದ ತಗಡಿನ ತುಂಡುಗಳನ್ನು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಆದರೆ ಕಟ್ಟಡದ ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ ಇಡೀ ಎಸ್ಟೇಟಿನಲ್ಲಿ ಹೆಚ್ಚು ಸಂಗತಿಗಳನ್ನು ತಿಳಿಸುವುದು ಈ ಗಾಜಿನ ಮನೆಯೇ. ಡಾರ್ಬಿಶೈರ್ ಪ್ರಾಂತ್ಯದ ಚಾಟ್ಸ್‌ವರ್ತ್ ಎಸ್ಟೇಟನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅಂಥ ಕಟ್ಟಡವನ್ನು ಯಾವ ಕ್ರಮದಲ್ಲಿ, ಏನನ್ನು ಹುಡುಕುತ್ತಾ ನೋಡಬೇಕೆಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲೇ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಗಾಜಿನ ಮನೆಯೆಂಬುದು ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಕಾವನ್ನು ಹಿಡಿದಿಟ್ಟು, ಮಳೆನೀರನ್ನೂ ಒಳಗಿನ ಹಬೆಯನ್ನೂ ದಾರಿ ಮಾಡಿ ಹೊರಗೆ ಸಾಗಿಸುವ ಒಂದು ಯಂತ್ರ. ಆದ್ದರಿಂದ ಅದರ ಅಂದವನ್ನು ನೋಡುವ ಮೊದಲು, ಬೆಂಕಿ ಎಲ್ಲಿತ್ತು, ಹೊಗೆ ಯಾವ ಕಡೆ ಹೋಯಿತು, ನೀರು ಎಲ್ಲಿ ಇಳಿಯಿತು, ಈ ಮೂರನ್ನೂ ನೋಡಿಕೊಳ್ಳಲು ರಾತ್ರಿಯಿಡೀ ಎದ್ದಿರುತ್ತಿದ್ದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಹೊರಡುವ ಮುನ್ನ

ಮನೆಯಲ್ಲಿ ಕುಳಿತೇ ಮಾಡಿ ಮುಗಿಸಬಹುದಾದ ಎರಡು ಕೆಲಸಗಳಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಬ್ರಿಟನ್ನಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಅದರಲ್ಲಿ 19ನೇ ಶತಮಾನದ ಕೊನೆಯ ಭಾಗದ, ಒಂದು ಮೈಲಿಗೆ 25 ಇಂಚಿನ ಅಳತೆಯ ಹಾಳೆಯನ್ನು ಹುಡುಕಿ, ಈಗಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿ. ಆಗ ಇದ್ದು ಈಗ ಇಲ್ಲದ ಗಾಜಿನ ಮನೆಗಳು, ತೋಟದ ಹಿಂಭಾಗದ ಶೆಡ್ಡುಗಳು, ತೊಟ್ಟಿಗಳು ಹೀಗೆ ಹೋಲಿಸಿದಾಗ ಬೇಗನೆ ಕಣ್ಣಿಗೆ ಬೀಳುತ್ತವೆ. ಎರಡನೆಯದಾಗಿ, ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎಸ್ಟೇಟಿನ ಹೆಸರನ್ನು ಹಾಕಿ ನೋಡಿ. ಅಲ್ಲಿ ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಟಿಪ್ಪಣಿಯಿದ್ದು, ಕಟ್ಟಿದ ಕಾಲ, ಬಳಸಿದ ಸಾಮಗ್ರಿ, ಆಮೇಲಿನ ಬದಲಾವಣೆಗಳನ್ನು ಚುಟುಕಾಗಿ ಹೇಳಿರುತ್ತಾರೆ. ಭಾಷೆ ಒಣಒಣವಾಗಿದ್ದರೂ ಪ್ರವಾಸಿ ಕೈಪಿಡಿಗಳಿಗಿಂತ ಈ ಟಿಪ್ಪಣಿಗಳು ಎಷ್ಟೋ ಪಾಲು ಉಪಯುಕ್ತ.

ಚಾಟ್ಸ್‌ವರ್ತ್‌ಗೆ ಹತ್ತಿರದ ದೊಡ್ಡ ಊರುಗಳು ಚೆಸ್ಟರ್‌ಫೀಲ್ಡ್ ಮತ್ತು ಶೆಫೀಲ್ಡ್. ತೋಟಕ್ಕೆ ಟಿಕೆಟ್ ಬೇಕು. ಚಳಿಗಾಲದಲ್ಲಿ ಕೆಲವು ವಾರ ಬಾಗಿಲು ಮುಚ್ಚಿರುವುದುಂಟಾದ್ದರಿಂದ ದಿನಾಂಕವನ್ನು ಮುಂಚೆಯೇ ನೋಡಿಕೊಳ್ಳಿ. ಕಮೇಲಿಯಾ ಹೂವನ್ನೂ ನೋಡುವ ಆಸೆಯಿದ್ದರೆ ವಸಂತದ ಮೊದಲ ವಾರಗಳು ಒಳ್ಳೆಯವು. ಕಟ್ಟಡವನ್ನು ಮಾತ್ರ ನೋಡಬೇಕೆನ್ನುವವರು ಮೋಡ ಕವಿದ ದಿನವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಬಿಸಿಲಿದ್ದರೆ ಗಾಜು ಕಣ್ಣು ಕೋರೈಸುತ್ತದೆ, ಗಾಜಿನ ಪಟ್ಟಿಗಳ ಅಂಚು, ಕೀಲು, ಬಣ್ಣದ ಪದರ ಯಾವುದೂ ಸರಿಯಾಗಿ ಕಾಣುವುದಿಲ್ಲ. ಜೊತೆಗೆ ಒಂದು ಸಣ್ಣ ಟಾರ್ಚು, ಅಳತೆ ಟೇಪು ಮತ್ತು ದಿಕ್ಸೂಚಿ (ಮೊಬೈಲಿನಲ್ಲಿರುವುದೇ ಸಾಕು) ಇರಲಿ.

ಮೊದಲು ದಿಕ್ಕು ನೋಡಿ

ಕಟ್ಟಡದ ಹತ್ತಿರ ಹೋಗುವ ಮುನ್ನ ಸ್ವಲ್ಪ ದೂರದಲ್ಲಿ ನಿಂತು ಅದರ ಉದ್ದ ಯಾವ ದಿಕ್ಕಿಗಿದೆ ಎಂಬುದನ್ನು ಗಮನಿಸಿ. ಉತ್ತರಕ್ಕೆ ಗಟ್ಟಿ ಗೋಡೆಯಿದ್ದು, ದಕ್ಷಿಣಕ್ಕೆ ಮಾತ್ರ ಗಾಜು ಇಳಿಜಾರಾಗಿ ಒರಗಿದ್ದರೆ, ಅದು ಚಳಿಗಾಲದ ಕೆಳಮಟ್ಟದ ಬಿಸಿಲನ್ನು ಹಿಡಿದು ಗೋಡೆಯಲ್ಲಿ ಕಾವು ಕೂಡಿಡಲು ಕಟ್ಟಿದ್ದು. ದ್ರಾಕ್ಷಿ, ಪೀಚ್, ಅಂಜೂರ ಬೆಳೆಯಲು ಇದೇ ರೂಢಿಯ ವಿನ್ಯಾಸ. ಎರಡೂ ಕಡೆ ಇಳಿಜಾರಿರುವ ಮನೆಗಳನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಕಟ್ಟುತ್ತಿದ್ದರು, ಏಕೆಂದರೆ ಹಾಗೆ ಕಟ್ಟಿದಾಗ ಬೆಳಿಗ್ಗೆ ಒಂದು ಪಕ್ಕಕ್ಕೂ ಸಂಜೆ ಇನ್ನೊಂದು ಪಕ್ಕಕ್ಕೂ ಬೆಳಕು ಸಮನಾಗಿ ಸಿಗುತ್ತದೆ. ನಮ್ಮ ನಾಡಿನಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮನೆ ಕಟ್ಟುವವರಿಗೆ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ ಕಾಣುವುದು ಸಹಜ.

ಚಾವಣಿಯಿಂದ ಕಾಲವನ್ನು ಗುರುತಿಸಿ

ಚಾಟ್ಸ್‌ವರ್ತ್‌ನಲ್ಲಿ ನೋಡಬೇಕಾದ ಮೊದಲ ಕಟ್ಟಡ ಡೆವನ್‌ಶೈರಿನ ಮೊದಲನೆಯ ಡ್ಯೂಕ್ 1698ರ ಸುಮಾರಿಗೆ ಕಟ್ಟಿಸಿದ ಹಸಿರುಮನೆ. ಕಲ್ಲಿನ ಮುಂಭಾಗ, ಎತ್ತರದ ಕಿಟಕಿಗಳು, ಅವುಗಳ ನಡುವೆ ದಪ್ಪ ಕಂಬಗಳು: ದೂರದಿಂದ ನೋಡಿದವರಿಗೆ ಇದು ಗಾಜಿನ ಮನೆಯೆಂದು ಅನ್ನಿಸುವುದೇ ಇಲ್ಲ. ಈ ಕಟ್ಟಡವನ್ನು 18ನೇ ಶತಮಾನದ ಮಧ್ಯಭಾಗದಲ್ಲಿ ಮೂಲ ಜಾಗದಿಂದ ಬಿಚ್ಚಿ ಈಗಿರುವ ಜಾಗಕ್ಕೆ ತಂದು ನಿಲ್ಲಿಸಲಾಯಿತು.

ಇಲ್ಲಿ ಕಲಿಯಬೇಕಾದ ಪಾಠ ಚಾವಣಿಗೆ ಸಂಬಂಧಿಸಿದ್ದು. 17ನೇ ಶತಮಾನದವರಿಗೆ ಕಿತ್ತಳೆ, ಮಿರ್ಟಲ್ ಮುಂತಾದ ಗಿಡಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಬೇಸಗೆಯಲ್ಲಿ ಹೊರಗಿಟ್ಟು, ಹಿಮ ಬೀಳುವ ತಿಂಗಳುಗಳಲ್ಲಿ ಒಳಗೆ ಸರಿಸಿದರೆ ಸಾಕಾಗಿತ್ತು. ಚಳಿಗಾಲದಲ್ಲಿ ಆ ಗಿಡಗಳು ಬೆಳೆಯುವುದಿಲ್ಲ, ಜೀವ ಹಿಡಿದುಕೊಂಡಿರುತ್ತವೆ ಅಷ್ಟೆ; ಅದಕ್ಕೆ ಪಕ್ಕದ ಕಿಟಕಿಗಳ ಬೆಳಕೇ ಸಾಕು. ಹಾಗಾಗಿ ಆ ಕಾಲದ ಇಂಥ ಮನೆಗಳಿಗೆ ಹಂಚಿನದೋ ಕಲ್ಲುಚಪ್ಪಡಿಯದೋ ಗಟ್ಟಿ ಚಾವಣಿಯಿರುತ್ತಿತ್ತು. ಗಿಡಗಳನ್ನು ವರ್ಷವಿಡೀ ಒಳಗೇ ಬೆಳೆಸಿ, ಹೂ ಬಿಡಿಸಿ, ಹಣ್ಣು ಕೊಯ್ಯಬೇಕೆಂಬ ಹಟ ಬಂದಾಗ ಮೇಲಿನಿಂದ ಬೆಳಕು ಬೇಕಾಯಿತು. ಚಾವಣಿ ಗಾಜಿಗೆ ತಿರುಗಿದ್ದು ಆಮೇಲೆ. ಆದ್ದರಿಂದ ಯಾವ ಎಸ್ಟೇಟಿನಲ್ಲೇ ಆಗಲಿ, ಕಲ್ಲಿನ ಗೋಡೆ ಹಳೆಯದಾಗಿದ್ದು ಚಾವಣಿ ಗಾಜಿನದಾಗಿದ್ದರೆ, ಎರಡೂ ಒಂದೇ ಕಾಲದವೆಂದು ನಂಬುವ ಮುನ್ನ ಗೋಡೆಯೂ ಚಾವಣಿಯೂ ಕೂಡುವ ಜಾಗವನ್ನು ಚೆನ್ನಾಗಿ ನೋಡಿ. ಹೊಸ ಕಲ್ಲಿನ ಸಾಲು, ತುಂಬಿ ಮುಚ್ಚಿದ ತೊಲೆಯ ಕುಳಿ ಅಥವಾ ಗಾರೆಯ ಬಣ್ಣದ ವ್ಯತ್ಯಾಸ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಗೋಡೆಯೊಳಗಿನ ಬೆಂಕಿ

ಅಲ್ಲಿಂದ ಕನ್ಸರ್ವೇಟಿವ್ ವಾಲ್ ಎಂಬ ಗಾಜಿನ ಸಾಲಿಗೆ ಬನ್ನಿ. ಉದ್ದ 331 ಅಡಿ, ಅಗಲ 7 ಅಡಿ ಮಾತ್ರ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುತ್ತಾ ಹೋಗುವ ಈ ರಚನೆಯ ಹಿಂದಿನ ಗೋಡೆ ಗಾಜಿಗಿಂತ ಹಳೆಯದು. ಎಸ್ಟೇಟಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1848ರಲ್ಲಿ ಆ ಗೋಡೆಯ ಮುಂದೆ ಮರದ ಚೌಕಟ್ಟು ನಿಲ್ಲಿಸಿ ಗಾಜು ಹೊದಿಸಿದ.

ಇದನ್ನು ನೋಡುವಾಗ ಹೆಚ್ಚಿನವರು ಗಾಜನ್ನೂ ಗಿಡವನ್ನೂ ನೋಡುತ್ತಾರೆ. ನೀವು ಗೋಡೆಯನ್ನು ನೋಡಿ. ಗೋಡೆಯ ಒಳಗೆ ಹೊಗೆ ಹರಿಯುವ ಕೊಳವೆದಾರಿಗಳಿದ್ದು, ಒಲೆಗಳಲ್ಲಿ ಉರಿಸಿದ ಬೆಂಕಿಯ ಬಿಸಿ ಹೊಗೆ ಅವುಗಳ ಮೂಲಕ ಸುತ್ತಿ ಸುತ್ತಿ ಮೇಲೇರಿ ಗೋಡೆಯನ್ನೇ ಬೆಚ್ಚಗಾಗಿಸುತ್ತಿತ್ತು. ಗೋಡೆಗೆ ಹಬ್ಬಿಸಿದ ಹಣ್ಣಿನ ಗಿಡಗಳ ಹೂವು ವಸಂತದ ಹಿಮಕ್ಕೆ ಸಿಕ್ಕಿ ಕರಗಿಹೋಗದಂತೆ ಕಾಯಲು ಕಂಡುಕೊಂಡ ಉಪಾಯವಿದು. ಬ್ರಿಟನ್ನಿನ ಹಳೆಯ ತೋಟಗಳಲ್ಲಿ ಇಂಥ ಬಿಸಿಗೋಡೆಗಳು ಇನ್ನೂ ಸಾಕಷ್ಟು ಉಳಿದಿವೆ, ಮತ್ತು ಅವುಗಳನ್ನು ಗುರುತಿಸುವುದೇನೂ ಕಷ್ಟವಲ್ಲ: ಗೋಡೆ ಅಗತ್ಯಕ್ಕಿಂತ ದಪ್ಪವಾಗಿರುತ್ತದೆ, ಹಿಂಬದಿಯಲ್ಲಿ ನೆಲಮಟ್ಟಕ್ಕೆ ಸಣ್ಣ ಕಮಾನಿನ ಬಾಯಿಯೋ ಅದನ್ನು ಮುಚ್ಚಿದ ಇಟ್ಟಿಗೆಯ ತೇಪೆಯೋ ಇರುತ್ತದೆ, ಅಲ್ಲಲ್ಲಿ ಮಸಿ ಗುಡಿಸಲು ಬಿಟ್ಟ ಕಲ್ಲಿನ ಮುಚ್ಚಳಗಳು ಕಾಣುತ್ತವೆ. ಕಲ್ಲಿನ ಗೋಡೆಯೊಂದರ ಬಿಸಿಲು ಬೀಳುವ ಮೈಗೆ ಮಾತ್ರ ಇಟ್ಟಿಗೆ ಹೊದಿಸಿದ್ದರೆ ಅದೂ ಒಂದು ಸುಳಿವೇ. ಕಲ್ಲಿಗಿಂತ ಇಟ್ಟಿಗೆ ಕಾವನ್ನು ಚೆನ್ನಾಗಿ ಹಿಡಿಯುತ್ತದೆಂದು ತೋಟಗಾರರು ನಂಬಿದ್ದರು, ಮೊಳೆ ಹೊಡೆದು ಕೊಂಬೆ ಕಟ್ಟುವುದಕ್ಕೂ ಅದೇ ಅನುಕೂಲ.

ಈಗ ಇಲ್ಲದ ಕಟ್ಟಡವನ್ನು ನೋಡುವುದು

ಚಾಟ್ಸ್‌ವರ್ತ್‌ನ ಅತಿ ದೊಡ್ಡ ಗಾಜಿನ ಮನೆ ಈಗಿಲ್ಲ. ಆದರೂ ನಿಮ್ಮ ಸಮಯದ ಹೆಚ್ಚಿನ ಪಾಲನ್ನು ಅದಕ್ಕೇ ಮೀಸಲಿಡಬೇಕು.

ಪ್ಯಾಕ್ಸ್‌ಟನ್ 1803ರಲ್ಲಿ ಬೆಡ್‌ಫರ್ಡ್‌ಶೈರಿನ ರೈತ ಕುಟುಂಬದಲ್ಲಿ ಹುಟ್ಟಿದವನು. 1826ರ ಮೇ ತಿಂಗಳಲ್ಲಿ, 22ನೇ ವಯಸ್ಸಿನಲ್ಲಿ, ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನ ಮುಖ್ಯ ತೋಟಗಾರನಾಗಿ ಇಲ್ಲಿಗೆ ಬಂದ. ಬೆಳಗಿನ ನಾಲ್ಕೂವರೆಗೆ ತಲುಪಿ, ಗೇಟು ಹತ್ತಿ ಇಳಿದು ತೋಟ ಸುತ್ತಿ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದನೆಂಬ ವಿವರವನ್ನು ಅವನೇ ಬಿಟ್ಟುಹೋಗಿದ್ದಾನೆ. ವಾಸ್ತುಶಿಲ್ಪದ ಶಾಲಾ ತರಬೇತಿ ಅವನಿಗಿರಲಿಲ್ಲ. ಮರದ ಪಟ್ಟಿ, ಗಾಜು, ನೀರು, ಬಿಸಿಲು ಇವುಗಳೊಂದಿಗೆ ದಿನನಿತ್ಯ ಹೆಣಗುತ್ತಾ ಕಲಿತದ್ದೇ ಅವನ ವಿದ್ಯೆ.

1836ರಿಂದ 1841ರವರೆಗೆ ಕಟ್ಟಿದ ಗ್ರೇಟ್ ಸ್ಟೋವ್ ಎಂಬ ಆ ಮನೆಯ ಉದ್ದ 277 ಅಡಿ, ಅಗಲ 123 ಅಡಿ, ಎತ್ತರ 67 ಅಡಿ. ವಿನ್ಯಾಸಕ್ಕೆ ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್‌ನ ನೆರವಿತ್ತು. ನಡುವಿನಲ್ಲಿ ಕುದುರೆಗಾಡಿ ಹೋಗುವಷ್ಟು ಅಗಲದ ದಾರಿ. 1843ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಸಾವಿರಾರು ದೀಪಗಳನ್ನು ಹಚ್ಚಿ, ಗಾಡಿಯಲ್ಲೇ ಆಕೆಯನ್ನು ಒಳಗೆ ಕರೆದೊಯ್ದರು. ಟೊಳ್ಳಾದ ಎರಕದ ಕಬ್ಬಿಣದ ಕಂಬಗಳು ಚಾವಣಿಯನ್ನು ಹೊರುವುದರ ಜೊತೆಗೆ ಮಳೆನೀರನ್ನು ಕೆಳಗಿಳಿಸುವ ಕೆಲಸವನ್ನೂ ಮಾಡುತ್ತಿದ್ದವು. ಅವುಗಳ ಮೇಲೆ ಬಾಗಿಸಿ ಜೋಡಿಸಿದ ಮರದ ಕಮಾನುಗಳಿದ್ದವು. ನೆಲದಡಿಯ 8 ಬಾಯ್ಲರುಗಳಿಂದ ಸುಮಾರು 7 ಮೈಲಿ ಉದ್ದದ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿತ್ತು. ಕಲ್ಲಿದ್ದಲ ಗಾಡಿ ತೋಟದಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಸುರಂಗದೊಳಗೆ ಹಳಿ ಹಾಕಿ ಕಲ್ಲಿದ್ದಲು ಸಾಗಿಸುತ್ತಿದ್ದರು; ಹೊಗೆಯನ್ನೂ ನೆಲದಡಿಯ ದಾರಿಯಿಂದಲೇ ದೂರ ಒಯ್ದು, ಗುಡ್ಡದ ಮರಗಳ ನಡುವಿನ ಚಿಮಣಿಯಿಂದ ಹೊರಬಿಡುತ್ತಿದ್ದರು.

ಮೊದಲ ಮಹಾಯುದ್ಧದ ಕಾಲದಲ್ಲಿ ತೋಟಗಾರರು ಸೈನ್ಯಕ್ಕೆ ಹೋದರು, ಕಲ್ಲಿದ್ದಲಿಗೆ ಅಭಾವ ಬಂತು, ಬೆಂಕಿ ಆರಿತು, ಉಷ್ಣವಲಯದ ಗಿಡಗಳೆಲ್ಲ ಸತ್ತವು. 1920ರಲ್ಲಿ ಕಟ್ಟಡವನ್ನು ಸಿಡಿಮದ್ದಿಟ್ಟು ಕೆಡವಿದರು. ಒಂದೇ ಪ್ರಯತ್ನಕ್ಕೆ ಅದು ಬೀಳಲಿಲ್ಲ. ಕೆಡಹುವ ಕೆಲಸದ ಹೊಣೆ ಹೊತ್ತಿದ್ದವನು ಪ್ಯಾಕ್ಸ್‌ಟನ್‌ನ ಮೊಮ್ಮಗನಾದ ಚಾರ್ಲ್ಸ್ ಮಾರ್ಕಮ್.

ಈಗ ಆ ಜಾಗದಲ್ಲಿ 1962ರಲ್ಲಿ 1,209 ಯೂ ಗಿಡಗಳನ್ನು ನೆಟ್ಟು ಮಾಡಿದ ಸುತ್ತುದಾರಿಯ ತೋಟವಿದೆ, ಎರಡು ತುದಿಗಳಲ್ಲಿ ಹೂವಿನ ಮಡಿಗಳಿವೆ. ಮಕ್ಕಳು ಅದರೊಳಗೆ ದಾರಿ ತಪ್ಪಿ ಕೂಗಾಡುತ್ತಿರುವಾಗ ನೀವು ಹೊರಗಿನ ಕಲ್ಲಿನ ಅಡಿಗೋಡೆಯ ಉದ್ದಕ್ಕೂ ನಡೆಯಿರಿ. ಅದು ಮೂಲ ಕಟ್ಟಡದ ತಳಪಾಯ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ನಡೆದರೆ, ಅಂಕಿಗಳಲ್ಲಿ ಓದಿದ 277 ಅಡಿ ಎಷ್ಟೆಂಬುದು ಕಾಲಿಗೆ ತಿಳಿಯುತ್ತದೆ. ಬಾಗಿಲಿದ್ದ ಕಡೆ ಗೋಡೆ ತುಂಡಾಗಿದೆ. ಅಲ್ಲಿ ನಿಂತು ತಲೆಯೆತ್ತಿ, ಆರೇಳು ಅಂತಸ್ತಿನ ಎತ್ತರದಲ್ಲಿ ಗಾಜಿನ ನೆತ್ತಿಯನ್ನು ಊಹಿಸಿಕೊಳ್ಳಿ. ಕಲ್ಲಿದ್ದಲು ಸಾಗಿಸುತ್ತಿದ್ದ ಸುರಂಗದ ಒಂದು ಭಾಗವೂ ಉಳಿದಿದೆ. ಅದನ್ನು ನೋಡದೆ ಹಿಂದಿರುಗಬೇಡಿ. ನನ್ನ ಮಟ್ಟಿಗೆ ಇಡೀ ತೋಟದ ಕಾರಂಜಿ, ಜಲಪಾತಗಳಿಗಿಂತ ಎಸ್ಟೇಟಿನ ಸ್ವಭಾವವನ್ನು ಸರಿಯಾಗಿ ತೋರಿಸುವುದು ಈ ಕತ್ತಲೆಯ ದಾರಿಯೇ.

ಗಾಜಿನ ಹತ್ತಿರ ನಿಂತು

ಈ ಹಂತಕ್ಕೆ ಉಳಿದುಕೊಂಡಿರುವ ಯಾವುದಾದರೂ ಹಳೆಯ ಗಾಜಿನ ಮನೆಯ ಎದುರು, ಮುಖಕ್ಕೂ ಗಾಜಿಗೂ ಒಂದಡಿ ಅಂತರವಿಟ್ಟು ನಿಲ್ಲಿ. ಮೊದಲು ಗಾಜಿನ ಅಗಲ ಉದ್ದ ಅಳೆಯಿರಿ. ಬ್ರಿಟನ್ನಿನಲ್ಲಿ 1746ರಿಂದ 1845ರವರೆಗೆ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕವಿತ್ತು. ಹಾಗಾಗಿ ತಯಾರಕರು ಗಾಜನ್ನು ತೆಳ್ಳಗೆ ಮಾಡುತ್ತಿದ್ದರು. ತೆಳ್ಳಗಿನ ಗಾಜು ದೊಡ್ಡದಾದರೆ ಒಡೆಯುತ್ತದೆ, ಆದ್ದರಿಂದ ಸಣ್ಣ ಸಣ್ಣ ತುಂಡುಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸ್ವಲ್ಪ ಹೊದಿಸಿ ಕೂರಿಸುತ್ತಿದ್ದರು. ಡೆವನ್ ಪ್ರಾಂತ್ಯದ ಬಿಕ್ಟನ್ ತೋಟದ ತಾಳೆಮನೆಯಲ್ಲಿ ಇಂಥ ಸುಮಾರು 18,000 ಸಣ್ಣ ಗಾಜುಗಳಿವೆ. ಕೆಲವು ಮನೆಗಳಲ್ಲಿ ಗಾಜಿನ ಕೆಳ ಅಂಚನ್ನು ನೇರವಾಗಿ ಕತ್ತರಿಸದೆ ಬಿಲ್ಲಿನಂತೆ ಬಾಗಿಸಿರುವುದನ್ನು ಕಾಣುವಿರಿ. ಮಳೆನೀರು ಗಾಜಿನ ನಡುವಿಗೆ ಜಾರಿ, ಪಕ್ಕದ ಮರದ ಪಟ್ಟಿಯನ್ನು ನೆನೆಸದಿರಲೆಂದು ಹಾಗೆ ಮಾಡುತ್ತಿದ್ದರು.

ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆಥ್‌ವಿಕ್‌ನ ಚಾನ್ಸ್ ಬ್ರದರ್ಸ್ ಕಂಪನಿಯು 1832ರಲ್ಲಿ, ಊದಿದ ಗಾಜಿನ ಸಿಲಿಂಡರನ್ನು ಸೀಳಿ ಹಾಳೆಯಾಗಿ ಹರಡುವ ವಿಧಾನವನ್ನು ಇಂಗ್ಲೆಂಡಿಗೆ ತಂದಿತು. ಗ್ರೇಟ್ ಸ್ಟೋವ್‌ಗಾಗಿ ಪ್ಯಾಕ್ಸ್‌ಟನ್ ಅವರಿಂದ 4 ಅಡಿ ಉದ್ದದ ಗಾಜನ್ನು ಕೇಳಿ ಪಡೆದ. ಆ ಮನೆ ಸುಂಕದ ಕಾಲದಲ್ಲೇ ಎದ್ದದ್ದೆಂಬುದನ್ನು ನೆನಪಿಟ್ಟುಕೊಂಡರೆ ಡ್ಯೂಕನ ಜೇಬಿನ ಆಳ ಅರ್ಥವಾಗುತ್ತದೆ. ಹಳೆಯ ಗಾಜು ಇನ್ನೂ ಉಳಿದಿದೆಯೇ ಎಂದು ತಿಳಿಯಲು ಗಾಜನ್ನು ಓರೆಯಾಗಿ ನೋಡಿ: ಹೊರಗಿನ ಮರದ ಕೊಂಬೆ ನೇರವಾಗಿ ಕಾಣದೆ ಅಲೆಯಲೆಯಾಗಿ ಬಾಗಿ ಕಂಡರೆ, ಉದ್ದನೆಯ ಸಣ್ಣ ಗುಳ್ಳೆಗಳು ಕಂಡರೆ, ಅದು ಹಳೆಯದು. ಈಚಿನ ಯಂತ್ರನಿರ್ಮಿತ ಗಾಜು ಕನ್ನಡಿಯಂತೆ ನಯವಾಗಿರುತ್ತದೆ.

ಗಾಜಿನ ನಡುವಿನ ಪಟ್ಟಿಗಳತ್ತ ಗಮನ ಹೊರಳಿಸಿ. ಅವು ಕಬ್ಬಿಣದವೋ ಮರದವೋ? ಇದು ಆ ಕಾಲದ ದೊಡ್ಡ ಜಗಳ. ತೋಟಗಾರಿಕೆಯ ಬರಹಗಾರ ಜೆ. ಸಿ. ಲೌಡನ್ 1816ರಲ್ಲಿ ಬಾಗಿಸಬಹುದಾದ ಮೆದು ಕಬ್ಬಿಣದ ತೆಳು ಪಟ್ಟಿಯನ್ನು ರೂಪಿಸಿದ ಮೇಲೆ ಗುಮ್ಮಟದಂಥ ಗಾಜಿನ ಮನೆಗಳು ಸಾಧ್ಯವಾದವು. ಬಿಕ್ಟನ್ನಿನದು ಆ ಪಂಥದ್ದು. ಕಬ್ಬಿಣ ತೆಳುವಾಗಿದ್ದರೂ ಗಟ್ಟಿ, ನೆರಳು ಕಡಿಮೆ. ಆದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಗಾಜನ್ನು ಸೀಳುತ್ತದೆ, ತುಕ್ಕು ಹಿಡಿಯುತ್ತದೆ, ಒಳಗಿನ ಕಾವನ್ನು ಹೊರಗೆ ಬಿಟ್ಟುಕೊಡುತ್ತದೆ. ಪ್ಯಾಕ್ಸ್‌ಟನ್ ಮರದ ಪಕ್ಷ. ಮರ ಅಗ್ಗ, ಕೆಲಸಕ್ಕೆ ಸುಲಭ. ಗ್ರೇಟ್ ಸ್ಟೋವ್‌ಗೆ ಬೇಕಾಗಿದ್ದ ಸುಮಾರು 40 ಮೈಲಿ ಉದ್ದದ ಪಟ್ಟಿಗಳಿಗೆ ಕೈಯಿಂದ ಗಾಜು ಕೂರಿಸುವ ಕಚ್ಚು ಕೊರೆಯುವುದು ಆಗದ ಮಾತೆಂದು ಅವನು ಹಬೆಯಿಂದ ನಡೆಯುವ ಯಂತ್ರವೊಂದನ್ನೇ ರೂಪಿಸಿದ, ಅದಕ್ಕಾಗಿ 1841ರಲ್ಲಿ ಸೊಸೈಟಿ ಆಫ್ ಆರ್ಟ್ಸ್‌ನಿಂದ ಪದಕವನ್ನೂ ಪಡೆದ.

ಚಾವಣಿ ಸಪಾಟಾಗಿಯೋ ಒಂದೇ ಇಳಿಜಾರಾಗಿಯೋ ಇರದೆ, ಸಣ್ಣ ಸಣ್ಣ ಏಣು ಮತ್ತು ತಗ್ಗುಗಳ ಸಾಲಾಗಿದ್ದರೆ ಅದು ಪ್ಯಾಕ್ಸ್‌ಟನ್‌ನ ಕೈಗುರುತು, ಅಥವಾ ಅವನನ್ನು ನೋಡಿ ಕಲಿತವರದು. ಬೆಳಿಗ್ಗೆ ಮತ್ತು ಸಂಜೆಯ ಮಂದ ಬಿಸಿಲು ಓರೆಯಾದ ಗಾಜಿಗೆ ನೇರವಾಗಿ ಬಡಿದು ಒಳಬರುತ್ತದೆ. ನಡುಹಗಲಿನ ಉರಿಬಿಸಿಲು ಅದೇ ಗಾಜಿನ ಮೇಲೆ ಓರೆಯಾಗಿ ಬಿದ್ದು ಒಂದಿಷ್ಟು ಜಾರಿಹೋಗುತ್ತದೆ. ತಗ್ಗಿನಲ್ಲಿ ಸೇರುವ ನೀರಿಗೆ ಅವನು ಒಂದೇ ಮರದ ತೊಲೆಯಲ್ಲಿ ಮೂರು ಕಾಲುವೆ ಕೊರೆಸಿದ: ಮೇಲಿನದು ಮಳೆನೀರಿಗೆ, ಅಕ್ಕಪಕ್ಕದ ಎರಡು ಸಣ್ಣವು ಗಾಜಿನ ಒಳಮೈಯಲ್ಲಿ ಹನಿಗಟ್ಟಿ ಇಳಿಯುವ ಹಬೆಯ ನೀರಿಗೆ. ಒಳಗಿನ ಹನಿಗಳಿಗೂ ಒಂದು ದಾರಿ ಬೇಕೆಂದು ಯೋಚಿಸುವುದು ಕಾಗದದ ಮೇಲೆ ನಕ್ಷೆ ಬರೆಯುವವನಿಗೆ ಹೊಳೆಯುವುದು ಕಷ್ಟ; ತೊಟ್ಟಿಕ್ಕುವ ಚಾವಣಿಯ ಕೆಳಗೆ ಗಿಡ ಕೊಳೆಯುವುದನ್ನು ಕಂಡವನಿಗೆ ಹೊಳೆಯುತ್ತದೆ.

ಮರದ ಪಟ್ಟಿ ಚಾವಣಿಯ ಅಂಚನ್ನು ಸೇರುವ ಕೆಳತುದಿಯನ್ನು ನೋಡಿ, ಕಟ್ಟಡದ ಆರೋಗ್ಯ ಅಲ್ಲಿ ತಿಳಿಯುತ್ತದೆ. ನೀರು ನಿಂತು ಮೊದಲು ಕೊಳೆಯುವುದು ಆ ಜಾಗವೇ. ಪುಟ್ಟಿ ಬಿರುಕು ಬಿಟ್ಟಿದೆಯೇ, ಬಣ್ಣ ಪದರಪದರವಾಗಿ ಎದ್ದಿದೆಯೇ ಎಂದು ಕಣ್ಣಿನಿಂದ ಮಾತ್ರ ಪರೀಕ್ಷಿಸಿ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಉಗುರಿನಿಂದ ಕೆರೆಯಬೇಡಿ. ಮಕ್ಕಳನ್ನು ಕರೆದೊಯ್ದಿದ್ದರೆ ಈ ವಿಷಯದಲ್ಲಿ ಹೆಚ್ಚಿನ ಎಚ್ಚರವಿರಲಿ.

ಗಾಳಿಯ ಕಿಂಡಿ, ಹಿಡಿಕೆ, ಜಾಲರಿ

ಕೆಳಗೆ ಗೋಡೆಯಲ್ಲಿ ತಣ್ಣನೆಯ ಗಾಳಿ ಬರುವ ಕಿಂಡಿ, ಮೇಲೆ ಏಣಿನಲ್ಲಿ ಬಿಸಿಗಾಳಿ ಹೋಗುವ ಕಿಟಕಿ: ಈ ಜೋಡಿ ಎಲ್ಲ ಮನೆಗಳಲ್ಲೂ ಇರಲೇಬೇಕು. ಮೇಲಿನ ಕಿಟಕಿಗಳನ್ನೆಲ್ಲ ಒಂದೇ ಬಾರಿ ತೆರೆಯುವ ಉದ್ದನೆಯ ಸರಳು, ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಹಿಡಿಕೆ ಕಂಡರೆ ಹತ್ತಿರ ಹೋಗಿ ಅಕ್ಷರಗಳನ್ನು ಹುಡುಕಿ. ಲೌಬರೊ ಊರಿನ ಮೆಸೆಂಜರ್, ಬೀಸ್ಟನ್ನಿನ ಫಾಸ್ಟರ್ ಅಂಡ್ ಪಿಯರ್ಸನ್, ನಾರಿಜ್‌ನ ಬೌಲ್ಟನ್ ಅಂಡ್ ಪಾಲ್, ಎಡಿನ್‌ಬರೊದ ಮೆಕೆಂಜಿ ಅಂಡ್ ಮಾಂಕರ್ ಮುಂತಾದ ತಯಾರಕರು 19ನೇ ಶತಮಾನದ ಉತ್ತರಾರ್ಧದಲ್ಲಿ ಸಿದ್ಧ ಗಾಜಿನ ಮನೆಗಳನ್ನು ಕ್ಯಾಟಲಾಗಿನಿಂದ ಮಾರುತ್ತಿದ್ದರು, ಎರಕದ ಭಾಗಗಳಲ್ಲಿ ಹೆಸರು ಮೂಡಿಸುವುದು ರೂಢಿಯಾಗಿತ್ತು. ಹೆಸರು ಸಿಕ್ಕರೆ ಆ ಮನೆಯ ಕಾಲವನ್ನು ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ನಿರ್ಧರಿಸಬಹುದು. ಕಾಲ್ದಾರಿಯ ಕಬ್ಬಿಣದ ಜಾಲರಿಯ ಕೆಳಗೆ ಟಾರ್ಚು ಬಿಟ್ಟು ನೋಡಿದರೆ ಬಿಸಿನೀರಿನ ಕೊಳವೆಗಳು ಕಾಣುತ್ತವೆ, ಸಾಮಾನ್ಯವಾಗಿ ನಾಲ್ಕು ಇಂಚಿನವು.

ಗಿಡಗಳನ್ನು ದಾಖಲೆಯಂತೆ ಓದಿ

ಕಟ್ಟಡದ ಪರಂಪರೆಯೆಂದರೆ ಕಲ್ಲು ಕಬ್ಬಿಣ ಮಾತ್ರವೆಂದು ತಿಳಿದು ಗಿಡಗಳನ್ನು ಬಿಟ್ಟುಬಿಟ್ಟರೆ ಅರ್ಧ ಕಥೆ ಹೋಗುತ್ತದೆ. ಗ್ರೇಟ್ ಸ್ಟೋವ್ ಕಟ್ಟುವ ಯೋಜನೆ ರೂಪುಗೊಳ್ಳುತ್ತಿದ್ದಾಗಲೇ, 1835ರಲ್ಲಿ, ಡ್ಯೂಕ್ ತನ್ನ ತೋಟಗಾರ ಜಾನ್ ಗಿಬ್ಸನ್‌ನನ್ನು ಕಲ್ಕತ್ತಕ್ಕೆ ಕಳುಹಿಸಿದ. ಕೆಂಪು ಗೊಂಚಲು ಹೂವಿನ ಆಮ್‌ಹರ್ಸ್ಟಿಯಾ ಮರವನ್ನು ಹೇಗಾದರೂ ತರಬೇಕೆಂಬುದು ಮುಖ್ಯ ಉದ್ದೇಶ. ಕಲ್ಕತ್ತದ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್‌ನ ನೆರವಿನಿಂದ ಗಿಬ್ಸನ್ ಖಾಸಿ ಬೆಟ್ಟಗಳಿಗೆ ಹೋಗಿ ಆರ್ಕಿಡ್‌ಗಳನ್ನು ರಾಶಿಗಟ್ಟಲೆ ಸಂಗ್ರಹಿಸಿ, 1837ರಲ್ಲಿ ಹಿಂದಿರುಗಿದ. ವಿಪರ್ಯಾಸವೆಂದರೆ ಇಷ್ಟೆಲ್ಲ ಮಾಡಿ ತಂದ ಆಮ್‌ಹರ್ಸ್ಟಿಯಾ ಚಾಟ್ಸ್‌ವರ್ತ್‌ನಲ್ಲಿ ಹೂ ಬಿಡಲಿಲ್ಲ. ಬ್ರಿಟನ್ನಿನಲ್ಲಿ ಅದು ಮೊದಲು ಅರಳಿದ್ದು 1849ರಲ್ಲಿ, ಈಲಿಂಗ್‌ನಲ್ಲಿ ಲೂಯಿಸಾ ಲಾರೆನ್ಸ್ ಎಂಬಾಕೆಯ ತೋಟದಲ್ಲಿ. ಉತ್ತರ ಅಮೆರಿಕಕ್ಕೆ ಗಿಡ ತರಲು ಹೋದ ಚಾಟ್ಸ್‌ವರ್ತ್‌ನ ಇಬ್ಬರು ತರುಣ ತೋಟಗಾರರು, ವಾಲೇಸ್ ಮತ್ತು ಬ್ಯಾಂಕ್ಸ್, 1838ರಲ್ಲಿ ಕೊಲಂಬಿಯಾ ನದಿಯಲ್ಲಿ ಮುಳುಗಿ ಸತ್ತರು. ಗಾಜಿನ ಮನೆಯನ್ನು ತುಂಬಿಸಲು ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ನಮ್ಮ ಓದುಗರಿಗೆ ಹೆಚ್ಚು ಹತ್ತಿರದ ಗಿಡವೊಂದಿದೆ. ಚೀನಾ ಮೂಲದ, ಮಾರಿಷಸ್ ಮಾರ್ಗವಾಗಿ ಇಂಗ್ಲೆಂಡಿಗೆ ಬಂದಿದ್ದ ಕುಳ್ಳ ಬಾಳೆಯೊಂದನ್ನು ಪ್ಯಾಕ್ಸ್‌ಟನ್ ಇಲ್ಲಿ ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂ ಬಿಟ್ಟಿತು. ಡ್ಯೂಕನ ಮನೆತನದ ಹೆಸರನ್ನೇ ಇಟ್ಟು ಅದನ್ನು ಕ್ಯಾವೆಂಡಿಶ್ ಬಾಳೆಯೆಂದು ಕರೆದ. ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಮಾರುವ ಪಚ್ಚಬಾಳೆಯೂ, ಕರ್ನಾಟಕದ ರೈತರು ಈಗ ಎಕರೆಗಟ್ಟಲೆ ಬೆಳೆಯುವ ಜಿ-9 ತಳಿಯೂ ಇದೇ ಕ್ಯಾವೆಂಡಿಶ್ ಗುಂಪಿಗೆ ಸೇರಿದವು. ಚಾಟ್ಸ್‌ವರ್ತ್‌ನ ಕುಳ್ಳ ಬಾಳೆಯನ್ನು 1970ರಲ್ಲಿ ಕಟ್ಟಿದ, ಮೂರು ಬಗೆಯ ಹವೆಯ ಕೋಣೆಗಳಿರುವ ಹೊಸ ಗಾಜಿನ ಮನೆಯಲ್ಲಿ ನೋಡಬಹುದು.

ದೈತ್ಯ ನೀರನೈದಿಲೆ ವಿಕ್ಟೋರಿಯಾದ ಕಥೆಯನ್ನು ಮಾರ್ಗದರ್ಶಕರು ಖಂಡಿತ ಹೇಳುತ್ತಾರೆ: ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ 1849ರ ಆಗಸ್ಟಿನಲ್ಲಿ ತಂದ ಸಸಿ ನವೆಂಬರಿನಲ್ಲಿ ಹೂ ಬಿಟ್ಟದ್ದು, ಪ್ಯಾಕ್ಸ್‌ಟನ್‌ನ ಪುಟ್ಟ ಮಗಳು ಆ್ಯನಿ ಅದರ ಎಲೆಯ ಮೇಲೆ ನಿಂತದ್ದು, ಎಲೆಯಡಿಯ ನರಗಳನ್ನು ನೋಡಿ ಅವನಿಗೆ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕಟ್ಟಿದ ಗಾಜಿನ ಭವನವಾದ ಕ್ರಿಸ್ಟಲ್ ಪ್ಯಾಲೇಸಿನ ವಿನ್ಯಾಸ ಹೊಳೆದದ್ದು. ಮೊದಲೆರಡು ನಿಜ. ಮೂರನೆಯದನ್ನು ಅವನೇ ತನ್ನ ಉಪನ್ಯಾಸದಲ್ಲಿ ಎಲೆ ತೋರಿಸಿ ಬೆಳೆಸಿದ್ದರೂ ಅಷ್ಟಾಗಿ ನಂಬಬೇಕಾಗಿಲ್ಲ. ಕ್ರಿಸ್ಟಲ್ ಪ್ಯಾಲೇಸಿನ ಏಣುತಗ್ಗಿನ ಚಾವಣಿ, ಟೊಳ್ಳು ಕಂಬ, ಮೂರು ಕಾಲುವೆಯ ತೊಲೆ, 49 ಇಂಚು ಉದ್ದ 10 ಇಂಚು ಅಗಲದ ಗಾಜು, ಇವೆಲ್ಲಕ್ಕೂ ಮಾದರಿ ನೈದಿಲೆಯ ಎಲೆಗಿಂತ ಮೊದಲೇ ಈ ತೋಟದಲ್ಲಿ ತಯಾರಾಗುತ್ತಿತ್ತು.

ಕಟ್ಟಡದ ಹಿಂಬದಿ

ಬೇರೆ ಯಾವ ಎಸ್ಟೇಟಿಗೆ ಹೋದರೂ ಗಾಜಿನ ಸಾಲಿನ ಉತ್ತರದ ಗೋಡೆಯ ಹಿಂದಕ್ಕೆ ಹೋಗಲು ಅವಕಾಶವಿದೆಯೇ ಎಂದು ವಿಚಾರಿಸಿ. ಬಾಯ್ಲರಿನ ಗುಂಡಿ, ಕುಂಡ ತುಂಬುವ ಶೆಡ್ಡು, ಅಣಬೆ ಬೆಳೆಯುವ ಕತ್ತಲೆ ಕೋಣೆ, ಮದುವೆಯಾಗದ ಕಿರಿಯ ತೋಟಗಾರರು ಇರುತ್ತಿದ್ದ ಬಾಥಿ ಎಂಬ ಚಿಕ್ಕ ವಸತಿ ಇಲ್ಲೇ ಸಿಗುವುದು. ಬಿಸಿಲು ಕಾಣದ ಈ ಕಡೆಯಲ್ಲಿ ಹುಡುಗರನ್ನು ಇರಿಸುತ್ತಿದ್ದುದು ರಾತ್ರಿ ಎದ್ದು ಬೆಂಕಿಗೆ ಕಲ್ಲಿದ್ದಲು ಹಾಕಲು ಅನುಕೂಲವಾಗಲೆಂದು. ಇಂಥ ಶೆಡ್ಡುಗಳಿಗೆ ಬಹಳ ಕಡೆ ದುರಸ್ತಿಯ ಹಣ ಕಡೆಯಲ್ಲಿ ಬರುತ್ತದೆ, ಕೆಡಹುವ ಯೋಚನೆ ಮೊದಲು ಬರುತ್ತದೆ. ಆದ್ದರಿಂದ ಫೋಟೊ ತೆಗೆಯುವಾಗ ಮುಂಭಾಗಕ್ಕೆ ಒಂದಾದರೆ ಹಿಂಬದಿಗೆ ನಾಲ್ಕಿರಲಿ. ಪ್ರತಿ ಚಿತ್ರಕ್ಕೂ ದಿಕ್ಕು ಮತ್ತು ದಿನಾಂಕ ಬರೆದಿಡಿ.

ಇದೇ ಕಣ್ಣಿನಿಂದ ಲಾಲ್‌ಬಾಗ್

ಇಂಗ್ಲೆಂಡಿಗೆ ಹೋಗಲಾಗದವರು ಈ ಕ್ರಮವನ್ನು ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಪ್ರಯೋಗಿಸಿ ನೋಡಬಹುದು. ಜಾನ್ ಕ್ಯಾಮರಾನ್ ತೋಟದ ಮುಖ್ಯಸ್ಥನಾಗಿದ್ದಾಗ, 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೊದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿಯಿಂದ ಬಂದವು. ಕ್ರಿಸ್ಟಲ್ ಪ್ಯಾಲೇಸನ್ನು ನೋಡಿ ಕಟ್ಟಿದ್ದೆಂದು ಎಲ್ಲರೂ ಹೇಳುತ್ತಾರೆ. ನೀವು ಒಳಗೆ ನಿಂತು ಬಾಯ್ಲರ್ ಎಲ್ಲಿ, ಬಿಸಿನೀರಿನ ಕೊಳವೆ ಎಲ್ಲಿ ಎಂದು ಹುಡುಕಿ. ಸಿಗುವುದಿಲ್ಲ, ಏಕೆಂದರೆ ಬೆಂಗಳೂರಿನ ಹವೆಗೆ ಕಾವು ಹಿಡಿದಿಡುವ ಯಂತ್ರ ಬೇಕಿರಲಿಲ್ಲ. ಬೇಕಿದ್ದದ್ದು ಫಲಪುಷ್ಪ ಪ್ರದರ್ಶನಕ್ಕೊಂದು ಬೆಳಕಿನ ಮಂಟಪ. 1935ರಲ್ಲಿ, ಎಚ್. ಸಿ. ಜವರಾಯ ತೋಟದ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಭದ್ರಾವತಿಯ ಉಕ್ಕನ್ನು ಬಳಸಿ ಇದನ್ನು ವಿಸ್ತರಿಸಲಾಯಿತು. ಗ್ಲಾಸ್ಗೊದ ಎರಕದ ಕಬ್ಬಿಣ ಎಲ್ಲಿ ಮುಗಿದು ಭದ್ರಾವತಿಯ ಉಕ್ಕು ಎಲ್ಲಿ ಶುರುವಾಗುತ್ತದೆಂಬುದನ್ನು ಕಂಬದ ಆಕಾರ, ಅಲಂಕಾರ ಮತ್ತು ಜೋಡಣೆಯ ಬೋಲ್ಟುಗಳಿಂದ ಪತ್ತೆ ಹಚ್ಚಲು ಪ್ರಯತ್ನಿಸಿ, ಕಂಬಗಳ ಬುಡದಲ್ಲಿ ತಯಾರಕರ ಗುರುತೇನಾದರೂ ಇದೆಯೇ ಎಂದು ನೋಡಿ. ಜನವರಿ ಮತ್ತು ಆಗಸ್ಟಿನ ಪ್ರದರ್ಶನದ ದಿನಗಳಲ್ಲಿ ಹೂವಿನ ಕಮಾನುಗಳೂ ಜನಜಂಗುಳಿಯೂ ಎಲ್ಲವನ್ನೂ ಮುಚ್ಚಿಬಿಡುವುದರಿಂದ, ಇದಕ್ಕೆ ವಾರದ ನಡುವಿನ ಒಂದು ಮಾಮೂಲಿ ಬೆಳಗನ್ನು, ಸಾಧ್ಯವಾದರೆ ಮಳೆ ಬರುತ್ತಿರುವ ಬೆಳಗನ್ನು, ಆರಿಸಿಕೊಳ್ಳಿ. ಚಾವಣಿಯ ನೀರು ಯಾವ ದಾರಿಯಲ್ಲಿ ಕೆಳಗಿಳಿಯುತ್ತದೆಂಬುದು ಆಗ ಮಾತ್ರ ಕಾಣುತ್ತದೆ.